ಕವರ್‌ಮೀಮಾಂಸೆ: ಗೃಹಸ್ಥರ ಪರಿಸರ ಸಂರಕ್ಷಣೆಯ ಶಾಸ್ತ್ರೀಯ ವಿವೇಚನೆ

ಅನುಬಂಧ ಪ್ರಕರಣ

ಪ್ರಕೃತಿ ಸಂರಕ್ಷಣೆಯಲ್ಲಿ ಜನಸಾಮಾನ್ಯರ ಪಾತ್ರವನ್ನು ಕುರಿತ ಚರ್ಚೆಗಳೆಲ್ಲ ಗಿಡ ನೆಡುವುದು, ಮಳೆನೀರು ಹಿಡಿಯುವುದು, ಉರಿಯುವ ದೀಪ ಆರಿಸುವುದು ಮೊದಲಾದ ಬಹಿರಂಗ ಸಾಧನೆಗಳಲ್ಲೇ ಮುಗಿದುಹೋಗುತ್ತಿದ್ದು, ಕರ್ನಾಟಕದ ಅಸಂಖ್ಯ ಅಡುಗೆಮನೆಗಳಲ್ಲಿ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿರುವ, ಹೊಟ್ಟೆಯುಬ್ಬಿದ ಒಂದು ಕವರು ವಿದ್ವಾಂಸರ ಕಣ್ಣಿಗೆ ಬೀಳದೆ ಉಳಿದಿರುವುದು ಪರಿಸರಶಾಸ್ತ್ರದ ಬಹುದೊಡ್ಡ ಲೋಪವೆಂದೇ ಹೇಳಬೇಕು. ಆ ಕವರಿನೊಳಗೆ ಇರುವುವು ಕವರುಗಳು. ಅವುಗಳಲ್ಲಿ ಕೆಲವನ್ನು ಬಿಡಿಸಿ ನೋಡಿದರೆ ಒಳಗೆ ಮತ್ತೆ ಕವರುಗಳು. ಬ್ರಹ್ಮಾಂಡದೊಳಗೆ ಬ್ರಹ್ಮಾಂಡವನ್ನು ಕಂಡ ಪುರಾಣಕಾರರಿಗೆ ಹೊಸದೇನೂ ಅನ್ನಿಸಲಾರದ ಈ ವ್ಯವಸ್ಥೆಗೆ ಪ್ರಸ್ತುತ ಪ್ರಬಂಧದಲ್ಲಿ ‘ಕವರ್‌ಗರ್ಭ’ ಎಂಬ ಪಾರಿಭಾಷಿಕ ಪದವನ್ನು ಬಳಸಲಾಗಿದೆ.

ಶಾಸ್ತ್ರಗ್ರಂಥವು ಆರಂಭದಲ್ಲೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ನಿರ್ದೇಶಿಸಬೇಕೆಂಬುದು ಸಂಪ್ರದಾಯ. ಈ ನಾಲ್ಕಕ್ಕೆ ಒಟ್ಟಾಗಿ ಅನುಬಂಧ ಚತುಷ್ಟಯವೆಂದು ಹೆಸರು. ಇಲ್ಲಿ ವಿಷಯವು ಅಂಗಡಿಯಿಂದ ಮನೆಗೆ ಬರುವ ಪ್ಲಾಸ್ಟಿಕ್ ಕವರು. ಪ್ರಯೋಜನವು ಭೂಮಂಡಲದ ರಕ್ಷಣೆ, ಅದು ಕೈಗೂಡದಿದ್ದರೆ ಮೊಳೆಯ ರಕ್ಷಣೆ. ಸಂಬಂಧವು ಇವೆರಡರ ನಡುವೆ ಇದೆಯೆಂದು ಗೃಹಸ್ಥರು ನಂಬಿರುವಂಥದು. ಅಧಿಕಾರಿ, ಅಂದರೆ ಈ ಶಾಸ್ತ್ರವನ್ನು ಅಧ್ಯಯನ ಮಾಡಲು ಅರ್ಹತೆಯುಳ್ಳವರು, ಮನೆಯಲ್ಲಿ ಹತ್ತು ಚೀಲಗಳಿದ್ದೂ ಬರಿಗೈಯಲ್ಲಿ ಪೇಟೆಗೆ ಹೋಗುವವರು. ಈ ನಾಲ್ಕನೆಯ ಲಕ್ಷಣದ ವ್ಯಾಪ್ತಿಯಿಂದ ಹೊರಗುಳಿಯುವ ನಾಗರಿಕರು ವಿರಳವಾದ್ದರಿಂದ ಪ್ರಬಂಧಕ್ಕೆ ಓದುಗರ ಕೊರತೆಯಾಗಲಾರದು.

ಲಕ್ಷಣ ಪ್ರಕರಣ

ಕವರು ಹುಟ್ಟುವುದು ಅಂಗಡಿಯಲ್ಲಿ ಎಂಬುದು ಲೌಕಿಕರ ನಂಬಿಕೆಯಾದರೂ, ರಸಾಯನಶಾಸ್ತ್ರದ ಪ್ರಕಾರ ಅದರ ಮೂಲ ನೆಲದಾಳದ ಕಚ್ಚಾ ತೈಲ ಮತ್ತು ನೈಸರ್ಗಿಕ ಅನಿಲ. ಅವುಗಳಿಂದ ಪಡೆದ ಎಥಿಲೀನ್ ಎಂಬ ಅನಿಲದ ಅಣುಗಳನ್ನು ಒಂದಕ್ಕೊಂದು ಸರಪಳಿಯಾಗಿ ಬೆಸೆದಾಗ ಪಾಲಿಥೀನ್ ಆಗುತ್ತದೆ. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಇದು ಆಕಸ್ಮಿಕವಾಗಿ ಕೈಗೆ ಸಿಕ್ಕಿತು. ಕೋಟ್ಯಂತರ ವರ್ಷ ನೆಲದಡಿ ತಪಸ್ಸಿಗೆ ಕುಳಿತಿದ್ದ ಇಂಗಾಲವು ಹೀಗೆ ಮೇಲೆದ್ದು ಬಂದು, ತರಕಾರಿ ಅಂಗಡಿಯಿಂದ ಮನೆಯ ಮೆಟ್ಟಿಲವರೆಗೆ ಅರ್ಧ ಕಿಲೋ ಹುರುಳಿಕಾಯಿಯನ್ನು ಹೊತ್ತು, ಅಲ್ಲಿಗೆ ಅವತಾರದ ಉದ್ದೇಶವನ್ನು ಪೂರೈಸುತ್ತದೆ. ಆದರೆ ಅವತಾರ ಮಾತ್ರ ಮುಗಿಯುವುದಿಲ್ಲ. ಭೂಮಿಯ ಶಾಖವನ್ನು ಹೊರಹೋಗದಂತೆ ತಡೆದಿಡುವ ಹಸಿರುಮನೆ ಅನಿಲಗಳಲ್ಲಿ, 2019ರಲ್ಲಿ ಜಗತ್ತು ಹೊರಬಿಟ್ಟ ಒಟ್ಟು ಪ್ರಮಾಣದ ಶೇಕಡಾ 3.4ರಷ್ಟು ಎಲ್ಲ ಬಗೆಯ ಪ್ಲಾಸ್ಟಿಕ್‌ಗಳ ಜನನ, ಜೀವನ, ಮರಣಗಳಿಂದ ಬಂದದ್ದೆಂದು ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆಯು ಅಂದಾಜು ಮಾಡಿದೆ.

ಅಡುಗೆಮನೆಯ ಕವರುಗಳು ಉತ್ತಮ, ಮಧ್ಯಮ, ಅಧಮವೆಂದು ಮೂರು ವಿಧ. ಸೀರೆ ಅಂಗಡಿಯ ದಪ್ಪ ಹಿಡಿಕೆಯ ಕವರು ಉತ್ತಮ. ಇದರಲ್ಲಿ ಹೊಲಿಯಲು ಕೊಡುವ ರವಿಕೆ ಬಟ್ಟೆ, ನೆಂಟರ ಮನೆಗೆ ಒಯ್ಯುವ ಚಕ್ಕುಲಿ ಡಬ್ಬಿ ಮೊದಲಾದ ಗಣ್ಯ ವಸ್ತುಗಳು ಮಾತ್ರ ಸಂಚರಿಸುತ್ತವೆ, ಮತ್ತು ಚಕ್ಕುಲಿ ಹೋದರೂ ಕವರು ಹಿಂದಿರುಗಬೇಕೆಂಬ ಅಲಿಖಿತ ನಿಯಮವಿದೆ. ಬೇಕರಿ ಹಾಗೂ ಮೆಡಿಕಲ್ ಶಾಪಿನ ಕವರು ಮಧ್ಯಮ; ಇದು ಊಟದ ಡಬ್ಬಿಯ ಸಾರು ಬ್ಯಾಗಿಗೆ ಸೋರದಂತೆ ತಡೆಯುವ ಕವಚ. ಸೊಪ್ಪು, ಹಸಿಮೆಣಸಿನಕಾಯಿಗಳ ತೆಳು ಕವರು ಅಧಮ; ಅಂಗಡಿಯವರು ಅದಕ್ಕೆ ಹಾಕುವ ಗಂಟನ್ನು ಬಿಚ್ಚಲು ಉಗುರಿಗೂ ಸಾಧ್ಯವಾಗದೆ, ಕೊನೆಗೆ ಅದನ್ನು ಹರಿಯಬೇಕಾಗುವುದರಿಂದ ಅದಕ್ಕೆ ಕವರ್‌ಗರ್ಭ ಪ್ರವೇಶದ ಭಾಗ್ಯವಿಲ್ಲ.

ಈ ಮೂರಕ್ಕೂ ಸೇರದ ನಾಲ್ಕನೆಯದು ಹಾಲಿನ ಪ್ಯಾಕೆಟ್. ತೊಳೆದು, ಸಿಂಕಿನ ಮೇಲಿನ ಟೈಲ್ಸಿಗೆ ಅಂಟಿಸಿ ಒಣಗಿಸಿ, ಕಟ್ಟು ಕಟ್ಟಿ ಹಳೇ ಪೇಪರ್ ಅಂಗಡಿಗೆ ತೂಕಕ್ಕೆ ಹಾಕುವ ಈ ಕ್ರಿಯೆಯು ಸಮಗ್ರ ಗೃಹ್ಯಕರ್ಮಗಳಲ್ಲೇ ಅತ್ಯಂತ ವೈಜ್ಞಾನಿಕವಾದುದು. ಆದರೆ ಇದರ ಆರಂಭದಲ್ಲಿ ನಡೆಯುವ ಒಂದು ಸೂಕ್ಷ್ಮ ವಿಧಿಯತ್ತ ಪಂಡಿತರು ಗಮನ ಹರಿಸಿಲ್ಲ. ಹಾಲು ಸುರಿಯಲು ಪ್ಯಾಕೆಟ್ಟಿನ ಮೂಲೆಯನ್ನು ಕತ್ತರಿಸುವಾಗ ಬೆರಳ ಉಗುರಿಗಿಂತ ತುಸು ದೊಡ್ಡದಾದ ಒಂದು ತ್ರಿಕೋನ ಬೇರೆಯಾಗಿ ಕಟ್ಟೆಯ ಮೇಲೆ ಬೀಳುತ್ತದೆ, ಒರೆಸುವ ಬಟ್ಟೆಯೊಂದಿಗೆ ಸಿಂಕಿಗೆ ಹೋಗುತ್ತದೆ, ಅಲ್ಲಿಂದ ಮೋರಿಗೆ ಇಳಿಯುತ್ತದೆ. ಆಯುವವರ ಕೈಗೂ ಸಿಗದ, ಮರುಬಳಕೆಯ ಯಂತ್ರಕ್ಕೂ ಒದಗದ ಈ ತ್ರಿಕೋನವು ಪ್ರತಿದಿನ ಬೆಳಗ್ಗೆ ಕಾಫಿಗೆ ಮುಂಚೆಯೇ ಪ್ರಕೃತಿಗೆ ಸಲ್ಲುವ ಪ್ರಥಮ ನೈವೇದ್ಯ. ಮೂಲೆಯನ್ನು ಪೂರ್ತಿ ತುಂಡರಿಸದೆ, ಒಂದು ಎಳೆಯಲ್ಲಿ ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಸೀಳಿದರೆ ಸಾಕೆಂಬುದು ಈ ವಿಧಿಗೆ ಇರುವ ಏಕೈಕ ಪ್ರಾಯಶ್ಚಿತ್ತ.

ಪಂಥ ಪ್ರಕರಣ

ಕವರುಗಳನ್ನು ಕಾದಿಡುವ ಕ್ರಮದಲ್ಲಿ ಮೂರು ಪಂಥಗಳಿವೆ. ತುರುಕು ಪಂಥದವರು ಬಂದದ್ದನ್ನು ಬಂದಂತೆಯೇ ಕವರ್‌ಗರ್ಭದೊಳಗೆ ತಳ್ಳುತ್ತಾರೆ. ಮಡಿಕೆ ಪಂಥದವರು ಒಂದೊಂದನ್ನೂ ನೀವಿ, ಗಾಳಿ ತೆಗೆದು, ಸಮೋಸದ ಆಕಾರಕ್ಕೆ ಮಡಿಚಿ ಡಬ್ಬಿಯಲ್ಲಿ ಜೋಡಿಸುತ್ತಾರೆ. ಇವರ ಸಂಖ್ಯೆ ಕಡಿಮೆ, ಅಭಿಮಾನ ಹೆಚ್ಚು. ಹಾಸಿಗೆ ಪಂಥದವರು ಉತ್ತಮ ವರ್ಗದ ಕವರುಗಳನ್ನು ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಹರಡಿ, ಅವುಗಳ ಮೇಲೆಯೇ ಮಲಗಿ, ಇಸ್ತ್ರಿಯ ಖರ್ಚಿಲ್ಲದೆ ಸುಕ್ಕು ಬಿಡಿಸುತ್ತಾರೆ. ಆಚರಣೆಯಲ್ಲಿ ಇಷ್ಟು ಭೇದವಿದ್ದರೂ ಮೂರು ಪಂಥಗಳೂ ಒಪ್ಪಿರುವ ಮಹಾವಾಕ್ಯ ಒಂದೇ: “ಇರ್ಲಿ ಬಿಡು, ಯಾವುದಕ್ಕಾದ್ರೂ ಆಗುತ್ತೆ.” ಈ ವಾಕ್ಯದಲ್ಲಿ ‘ಯಾವುದಕ್ಕೆ’ ಎಂಬುದನ್ನು ಬೇಕೆಂದೇ ಅನಿರ್ದಿಷ್ಟವಾಗಿ ಇಡಲಾಗಿದ್ದು, ಅದನ್ನು ನಿರ್ದಿಷ್ಟಪಡಿಸಲು ಸೊಸೆ ಪ್ರಯತ್ನಿಸಿದ ಮನೆಗಳಲ್ಲಿ ಮತಭೇದವು ಅಡುಗೆಮನೆಯನ್ನು ದಾಟಿ ನಡುಮನೆಗೆ ಬಂದಿರುವುದುಂಟು.

ಶಾಸನ ಪ್ರಕರಣ

ಕವರಿನ ದಪ್ಪವನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್. ಕೇಂದ್ರ ಸರ್ಕಾರದ 2011ರ ನಿಯಮಗಳು ಕೈಚೀಲಕ್ಕೆ ಕನಿಷ್ಠ 40 ಮೈಕ್ರಾನ್ ದಪ್ಪವಿರಬೇಕೆಂದವು; 2016ರಲ್ಲಿ ಅದು 50 ಆಯಿತು, 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120. ದಪ್ಪಗಿರುವ ಚೀಲಕ್ಕೆ ಬೆಲೆ ಹೆಚ್ಚು, ಬೆಲೆ ಹೆಚ್ಚಾದದ್ದನ್ನು ಅಂಗಡಿಯವರು ಪುಕ್ಕಟೆ ಕೊಡಲಾರರು, ಕೊಂಡವರು ಬಿಸಾಡಲಾರರು ಎಂಬುದು ಇದರ ಹಿಂದಿನ ತರ್ಕ. ಪ್ರಜೆಗಳಿಗೆ ತೆಳ್ಳಗಾಗಿರೆಂದೂ ಕವರಿಗೆ ದಪ್ಪಗಾಗೆಂದೂ ಏಕಕಾಲದಲ್ಲಿ ಉಪದೇಶಿಸಿದ ಪ್ರಭುತ್ವ ಚರಿತ್ರೆಯಲ್ಲಿ ಮತ್ತೊಂದಿಲ್ಲ. ಕರ್ನಾಟಕವಂತೂ 2016ರ ಮಾರ್ಚ್ ತಿಂಗಳಲ್ಲೇ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲದ ತಯಾರಿಕೆ, ಮಾರಾಟ, ಬಳಕೆ ಮೂರನ್ನೂ ನಿಷೇಧಿಸಿತು.

ನಿಷೇಧಾನಂತರದ ಕವರು ಇಂದ್ರಿಯಗೋಚರವಲ್ಲದ ಸ್ಥಿತಿಯನ್ನು ತಲುಪಿತೆಂಬುದನ್ನು ಸಂತೆಯಲ್ಲಿ ಪ್ರತ್ಯಕ್ಷ ಪ್ರಮಾಣದಿಂದ ಸಾಧಿಸಬಹುದು. ಗಿರಾಕಿ “ಒಂದು ಕವರ್ ಹಾಕ್ಕೊಡಿ” ಎನ್ನುತ್ತಾರೆ. ವ್ಯಾಪಾರಿ “ಕವರ್ ಬ್ಯಾನ್ ಆಗಿದೆ ಸಾರ್” ಎನ್ನುತ್ತಾರೆ. ಗಿರಾಕಿ ಟೊಮೆಟೊವನ್ನು ತಕ್ಕಡಿಯಲ್ಲೇ ಬಿಟ್ಟು ಪಕ್ಕದ ಗಾಡಿಯ ಕಡೆ ಒಂದು ಹೆಜ್ಜೆ ಇಡುತ್ತಾರೆ. ಆ ಕ್ಷಣದಲ್ಲಿ, ವ್ಯಾಪಾರಿ ಕೂತ ಗೋಣಿಚೀಲದ ಅಡಿಯಿಂದ ಕವರು ಪ್ರಾದುರ್ಭವಿಸುತ್ತದೆ. ಇಲ್ಲಿ ಕಾನೂನನ್ನು ಮುರಿದವರು ಯಾರೆಂಬ ಪ್ರಶ್ನೆಗೆ ದಂಡದ ರಸೀದಿಯು ವ್ಯಾಪಾರಿಯ ಹೆಸರನ್ನು ಹೇಳುತ್ತದೆ; ಮೀಮಾಂಸೆಯು ಆ ಒಂದು ಹೆಜ್ಜೆಯ ಕಡೆ ಬೆರಳು ಮಾಡುತ್ತದೆ.

ನಿಷೇಧದ ಬಳಿಕ ಬಟ್ಟೆಯಂತೆ ಕಾಣುವ, ಬಣ್ಣಬಣ್ಣದ ಇನ್ನೊಂದು ಚೀಲ ಚಾಲ್ತಿಗೆ ಬಂದಿತು. ನೇಯದೆ ಒತ್ತಿ ಮಾಡಿದ ಈ ಹಾಳೆಯು ಪಾಲಿಪ್ರೊಪಿಲೀನ್, ಅಂದರೆ ಅದೂ ಪ್ಲಾಸ್ಟಿಕ್ಕೇ. ಹಗ್ಗವನ್ನು ಕಂಡು ಹಾವೆಂದು ಭ್ರಮಿಸುವುದನ್ನು ವೇದಾಂತಿಗಳು ರಜ್ಜುಸರ್ಪ ನ್ಯಾಯವೆನ್ನುತ್ತಾರೆ. ಹಾವನ್ನೇ ಹಗ್ಗವೆಂದು ನಂಬಿ ಅದರಲ್ಲಿ ಹೂವು ಹಣ್ಣು ತುಂಬಿಕೊಂಡು ದೇವಸ್ಥಾನಕ್ಕೆ ಹೋಗುವ ಈ ಸ್ಥಿತಿಗೆ ಸರ್ಪರಜ್ಜು ನ್ಯಾಯವೆಂದು ಹೆಸರಿಡುವುದು ಉಚಿತ.

ಪೂರ್ವಪಕ್ಷ

ಸಿದ್ಧಾಂತಕ್ಕೆ ಮುಂಚೆ ಎದುರಾಳಿಯ ವಾದವನ್ನು ನ್ಯಾಯವಾಗಿ ಮಂಡಿಸುವುದೇ ಪೂರ್ವಪಕ್ಷ. ಎದುರಾಳಿಯ ಮೊದಲನೆಯ ಆಕ್ಷೇಪವೆಂದರೆ, ಒಂದು ಲೀಟರ್ ಪೆಟ್ರೋಲ್ ಉರಿದಾಗ ಅದರಲ್ಲಿರುವ ಇಂಗಾಲವು ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಆಗುವುದರಿಂದ, ಬಟ್ಟೆ ಚೀಲವನ್ನು ಭಕ್ತಿಯಿಂದ ಹೆಗಲಿಗೇರಿಸಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗಾಗಿ ಕಾರು ತೆಗೆಯುವವರ ಪುಣ್ಯವು ಗೇಟು ದಾಟುವಷ್ಟರಲ್ಲೇ ಕ್ಷಯಿಸುತ್ತದೆ. ಈ ಆಕ್ಷೇಪಕ್ಕೆ ಉತ್ತರವಿಲ್ಲ, ನಡೆದು ಹೋಗಬೇಕು.

ಎರಡನೆಯ ಆಕ್ಷೇಪವು ಬಟ್ಟೆ ಚೀಲವನ್ನೇ ಕುರಿತದ್ದು. ಬ್ರಿಟನ್ನಿನ ಪರಿಸರ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹತ್ತಿಯ ಚೀಲವೊಂದು ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನಕ್ಕೆ ಹಿತವೆನಿಸಬೇಕಾದರೆ ಅದನ್ನು 131 ಬಾರಿಗಿಂತ ಹೆಚ್ಚು ಬಳಸಬೇಕು. ಪ್ಲಾಸ್ಟಿಕ್ ಚೀಲವನ್ನು ಕಸ ತುಂಬಲು ಮರುಬಳಸುವ ಮನೆಯಲ್ಲಾದರೆ ಇನ್ನೂ ಹೆಚ್ಚು ಸಲ. ಚರಂಡಿ ಕಟ್ಟಿಕೊಳ್ಳುವುದು, ದನದ ಹೊಟ್ಟೆ ಸೇರುವುದು ಮುಂತಾದ ಬಿಸಾಡಿದ ಚೀಲದ ಅನಾಹುತಗಳು ಆ ಲೆಕ್ಕದಲ್ಲಿಲ್ಲವೆಂಬುದನ್ನು ಒಪ್ಪಿದರೂ, ಮದುವೆಯ ತಾಂಬೂಲದ ಚೀಲ, ಗೃಹಪ್ರವೇಶದ ಚೀಲ, ವಿಚಾರ ಸಂಕಿರಣದ ಚೀಲಗಳು ವಧೂವರರ ಹೆಸರನ್ನೂ ಪರಿಸರ ಉಳಿಸಿರೆಂಬ ಘೋಷಣೆಯನ್ನೂ ಹೊತ್ತು, ಒಮ್ಮೆಯೂ ಅಂಗಡಿಯ ಮುಖ ಕಾಣದೆ ಬೀರುವಿನ ಮೇಲೆ ಇನ್ನೊಂದು ಗರ್ಭವನ್ನು ಕಟ್ಟಿಕೊಂಡಿರುವುದು ಸುಳ್ಳಲ್ಲ. ವಾರಕ್ಕೆ ಎರಡು ಸಂತೆಯ ಲೆಕ್ಕದಲ್ಲಿ 131 ಬಾರಿ ಬಳಸಲು ಒಂದೇ ಚೀಲಕ್ಕೆ ಒಂದೂಕಾಲು ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಮನೆಗೆ ಬರುವ ಮದುವೆಯ ಚೀಲಗಳ ಸಾಲ ತೀರುವುದು ಯಾವ ಜನ್ಮಕ್ಕೆಂಬುದನ್ನು ಗಣಿತಜ್ಞರಿಗೆ ಬಿಡಲಾಗಿದೆ. ಹಳೇ ಪ್ಯಾಂಟಿನ ಕಾಲನ್ನು ಹೊಲಿದು ಮಾಡಿದ ಚೀಲವೊಂದೇ ಹುಟ್ಟಿದಾಗಿನಿಂದಲೂ ಈ ಋಣದಿಂದ ಮುಕ್ತವಾದದ್ದು.

ಸಿದ್ಧಾಂತ

ಹಿಡಿಕೆಯುಳ್ಳ ಇಂದಿನ ಕವರಿನ ವಿನ್ಯಾಸವನ್ನು ರೂಪಿಸಿದವರು ಸ್ವೀಡನ್ನಿನ ಇಂಜಿನಿಯರ್ ಸ್ಟೆನ್ ಗುಸ್ತಾಫ್ ಥುಲಿನ್. 1965ರಲ್ಲಿ ಅವರ ಕಂಪನಿಗೆ ಅಮೆರಿಕದಲ್ಲಿ ಅದರ ಪೇಟೆಂಟ್ ದೊರೆಯಿತು. ಕಾಗದದ ಚೀಲಕ್ಕಾಗಿ ಮರ ಕಡಿಯುವುದು ತಪ್ಪಲೆಂಬುದೇ ತಂದೆಯ ಆಶಯವಾಗಿತ್ತೆಂದೂ, ಅವರು ಒಂದು ಚೀಲವನ್ನು ಮಡಿಚಿ ಸದಾ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದರೆಂದೂ ಅವರ ಮಗ ಹೇಳಿದ್ದಾರೆ. ಈ ಒಂದು ಸಂಗತಿಯಿಂದ ಇಡೀ ಮೀಮಾಂಸೆಯ ತೊಡಕು ಬಿಡುತ್ತದೆ. ಮಡಿಚುವುದರಲ್ಲಿ, ಬಿಸಾಡದಿರುವುದರಲ್ಲಿ, ಮತ್ತೆ ಮತ್ತೆ ಬಳಸುವುದರಲ್ಲಿ ಕರ್ನಾಟಕದ ಗೃಹಸ್ಥರು ಕವರಿನ ಕರ್ತೃವಿಗೆ ಸರಿಸಾಟಿಯಾಗಿ ನಿಲ್ಲುತ್ತಾರೆ. ವ್ಯತ್ಯಾಸವಿರುವುದು ಸ್ಥಾನದಲ್ಲಿ ಮಾತ್ರ. ಅವರ ಕವರು ಜೇಬಿನಲ್ಲಿತ್ತು, ಇವರ ಕವರು ಮೊಳೆಯ ಮೇಲಿದೆ. ಮೊಳೆಯ ಮೇಲಿರುವ ಕವರು ಎಷ್ಟೇ ಅಚ್ಚುಕಟ್ಟಾಗಿ ಮಡಿಚಿದ್ದರೂ, ಅಂಗಡಿಯಲ್ಲಿ ಕೈಚಾಚುವ ಹೊತ್ತಿಗೆ ಒಂದೇ ಒಂದು ಹೊಸ ಕವರನ್ನೂ ತಡೆಯಲಾರದು. ಆದುದರಿಂದ ಸಂರಕ್ಷಣೆಯನ್ನು ಮನೆಯಲ್ಲಿ ಕೂಡಿಟ್ಟ ಕವರಿನಿಂದ ಅಳೆಯಲಾಗದು, ಅಂಗಡಿಯಲ್ಲಿ ಬೇಡವೆಂದ ಕವರಿನಿಂದ ಅಳೆಯಬೇಕೆಂಬುದೇ ಸಿದ್ಧಾಂತ.

ಫಲಶ್ರುತಿ

ಈ ಪ್ರಬಂಧವನ್ನು ಓದಿದವರು, ಓದಿಸಿದವರು, ಓದುವಾಗ ಕೇಳಿಸಿಕೊಂಡವರು ಕವರ್‌ಗರ್ಭದಿಂದ ಎರಡು ಕವರನ್ನು ತೆಗೆದು ಜೇಬಿಗೂ, ಬೀರುವಿನ ಮೇಲಿಂದ ಒಂದು ತಾಂಬೂಲದ ಚೀಲವನ್ನು ಇಳಿಸಿ ಸ್ಕೂಟರಿನ ಡಿಕ್ಕಿಗೂ ಸೇರಿಸತಕ್ಕದ್ದು. ಹತ್ತಿರದ ಅಂಗಡಿಗೆ ಆ ಸ್ಕೂಟರನ್ನೂ ಬಿಟ್ಟು ನಡೆದೇ ಹೋಗತಕ್ಕದ್ದು. ಓದದೆಯೇ ಹೀಗೆ ಮಾಡಿದವರಿಗೂ ಇಷ್ಟೇ ಫಲ. ಓದಿಯೂ ಬರಿಗೈಯಲ್ಲಿ ಹೋದವರು ಮನೆಗೆ ಬಂದು ಈ ಪುಟವನ್ನೇ ಮಡಿಚಿ, ಇರ್ಲಿ ಬಿಡು ಎಂದು ಅದೇ ಕವರಿನೊಳಗೆ ಇಡಬಹುದು.