ಟೊಂಕಟ್ಸು ಪಂಡಿತರು

ಟೋಕಿಯೋದ ಯಾವ ಆಫೀಸಿಗೆ ಕಾಲಿಟ್ಟರೂ ಟೊಂಕಟ್ಸು ಪಂಡಿತರೊಬ್ಬರು ಸಿಕ್ಕೇ ಸಿಗುತ್ತಾರೆ. ವಯಸ್ಸು ಐವತ್ತರ ಆಸುಪಾಸು, ಹುದ್ದೆ ಸೆಕ್ಷನ್ ಮ್ಯಾನೇಜರ್, ಹೊಟ್ಟೆ ಮಾತ್ರ ಹುದ್ದೆಗಿಂತ ಮುಂಚೆಯೇ ಬಡ್ತಿ ಪಡೆದದ್ದು. ಮೀಟಿಂಗಿನಲ್ಲಿ ತುಟಿ ಪಿಟಕ್ಕೆನ್ನದ ಈ ಮನುಷ್ಯ, ಕರಿದ ಹಂದಿಮಾಂಸದ ಕಟ್ಲೆಟ್ಟಿನ ವಿಷಯ ಬಂದರೆ ಸಾಕು, ಹಿಡಿದು ನಿಲ್ಲಿಸುವವರಿಲ್ಲ.

ನಮ್ಮ ಸೆಕ್ಷನ್ನಿನ ಪಂಡಿತರಿಗೆ ನಾನು ಸಿಕ್ಕಿದ್ದು ಅವರ ಪುಣ್ಯ. "ಇಂಡಿಯಾದವರು ಹಂದಿ ಮುಟ್ಟುವುದಿಲ್ಲ, ಅಲ್ಲವೇ?" ಎಂದು ಸಂತಾಪ ಸೂಚಿಸುವ ದನಿಯಲ್ಲಿ ಕೇಳಿದರು. "ನಾನು ಕೊಡಗಿನವನು ಸಾರ್, ಪಂದಿಕರಿ ತಿಂದೇ ಬೆಳೆದವನು" ಅಂದೆ. ಅವರ ಕಣ್ಣರಳಿತು.

"ಯಾವ ಭಾಗ? ರೋಸುವೋ, ಹಿರೆಯೋ?"

ರೋಸು ಅಂದರೆ ಅಂಚಿನಲ್ಲಿ ಕೊಬ್ಬು ಹೊತ್ತ ಬೆನ್ನಿನ ಮಾಂಸ. ಹಿರೆ ಅಂದರೆ ಕೊಬ್ಬಿಲ್ಲದ ಮೆತ್ತನೆಯದು. ನಮ್ಮ ಮನೆಯಲ್ಲಿ ತೊಗಲು, ಕೊಬ್ಬು, ಮೂಳೆ ಎಲ್ಲ ಒಂದೇ ಪಾತ್ರೆಗೆ ಬಿದ್ದು, ಕೊನೆಗೆ ಕಾಚಂಪುಳಿ ಹುಯ್ಯಿಸಿಕೊಂಡು ಕಪ್ಪಗಾಗುತ್ತವೆ ಎಂದು ವಿವರಿಸಿದೆ. ಪಂಡಿತರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಹುಡುಗ ಕೆಟ್ಟಿಲ್ಲ, ತಿದ್ದಬಹುದು ಎನ್ನುವ ನಿರ್ಧಾರ ಅವರ ಮುಖದಲ್ಲಿ ಕಾಣಿಸಿತು.

ಅವರ ಮೆಚ್ಚಿನ ಟೊಂಕಟ್ಸು ಹೋಟೆಲು ತೆರೆಯುವುದು ಹನ್ನೊಂದೂವರೆಗೆ. ಪಂಡಿತರ ಜೊತೆ ಹೋಗುವವರು ಹನ್ನೊಂದಕ್ಕೇ ಸರದಿಯಲ್ಲಿ ನಿಂತಿರಬೇಕು, ಯಾಕೆಂದರೆ ಪಾಠ ನಡೆಯುವುದೇ ಅಲ್ಲಿ. 1872ರಲ್ಲಿ ಮೇಜಿ ಚಕ್ರವರ್ತಿ ಮಾಂಸ ತಿಂದ ಕಥೆಯಿಂದ ಪುರಾಣ ಆರಂಭ. ನಮ್ಮ ಮುಂದೆ ಹದಿನೈದು ಜನ ಉಳಿದಾಗ ಇಸವಿ 1899: ಗಿಂಜಾದ ರೆಂಗತೇ ಹೋಟೆಲಿನವರು ಫ್ರೆಂಚರ ಕಟ್ಲೆಟ್ಟನ್ನು ಬೆಣ್ಣೆಯ ಬಾಣಲೆಯಿಂದ ಬಿಡಿಸಿ, ಟೆಂಪುರಾ ಕರಿಯುವ ಹಾಗೆ ತುಂಬು ಎಣ್ಣೆಗೆ ಬಿಟ್ಟರು. ಎಂಟು ಜನ ಉಳಿದಾಗ ರಷ್ಯಾ ಯುದ್ಧ: 1904ರಲ್ಲಿ ಅಡುಗೆಮನೆಯ ಹುಡುಗರೆಲ್ಲ ಸೈನ್ಯಕ್ಕೆ ಹೋಗಿ, ತರಕಾರಿ ಬೇಯಿಸುವವರಿಲ್ಲದೆ ಹಸಿ ಎಲೆಕೋಸನ್ನೇ ಸಣ್ಣಗೆ ಹೆಚ್ಚಿ ಬಡಿಸಿದರಂತೆ. ಆಮೇಲೆ 1929, ಉಎನೊದ ಪೊಂಚಿಕೆನ್ ಹೋಟೆಲಿನ ದಪ್ಪ ಹೋಳು ಎಣ್ಣೆಗೆ ಇಳಿಯುವ ಹೊತ್ತಿಗೆ ನಾವು ಹೊಸಿಲಲ್ಲಿ. ಸರದಿ ಬೇಗ ಕರಗಿದ ದಿನ ಪಂಡಿತರಿಗೆ ಬೇಸರ. ಯುದ್ಧ ಮುಗಿಯುವ ಮುಂಚೆಯೇ ಒಳಗೆ ಕರೆದುಬಿಡುತ್ತಾರೆ.

ಒಳಗೆ ಕೂತರೆ ಎದುರಿಗೇ ಒಲೆ. ಬಾಣಸಿಗ ಹೆಬ್ಬೆರಳು ದಪ್ಪದ ಮಾಂಸವನ್ನು ಹಿಟ್ಟಿನಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ಡಿನ ಹಸಿ ಪುಡಿಯ ರಾಶಿಯಲ್ಲಿ ಮಲಗಿಸಿ ಅಂಗೈಯಿಂದ ಮೆಲ್ಲಗೆ ಒತ್ತುತ್ತಾನೆ. ಬಾಣಲೆಯಲ್ಲಿರುವುದು ಹಂದಿಯದೇ ಕೊಬ್ಬು. ಪೂರ್ತಿ ಬೇಯುವ ಮೊದಲೇ ಎತ್ತಿ ಜಾಲರಿಯ ಮೇಲೆ ಬಿಡುತ್ತಾನೆ. ಒಳಗಿನ ಬಿಸಿಯೇ ಉಳಿದ ಕೆಲಸ ಮುಗಿಸಬೇಕು. ಕತ್ತಿ ಇಳಿದಾಗ ಕರುಕ್ ಎಂಬ ಸದ್ದು. ನಡುವೆ ನಸುಗೆಂಪು. ತಟ್ಟೆಯಲ್ಲೂ ಪುಟ್ಟ ತಂತಿಜಾಲರಿಯ ಮೇಲೆಯೇ ಅದರ ಸವಾರಿ, ಇಲ್ಲದಿದ್ದರೆ ತಳ ಮೆತ್ತಗಾಗುತ್ತದೆ.

ಇದನ್ನು ತಿನ್ನಬಹುದಲ್ಲ ಎಂದು ನೀವು ಅಂದುಕೊಂಡರೆ ಪಂಡಿತರನ್ನು ಅರಿತಿಲ್ಲ ಎಂದೇ ಅರ್ಥ. ಆರು ಹೋಳಿಗೂ ಒಂದೊಂದು ಜಾತಕವಿದೆ. ತುದಿಯ ಹೋಳಿಗೆ ಕೈ ಹಾಕಿದರೆ ಕೆಮ್ಮುತ್ತಾರೆ, ನಡುವಿನದು ಮೊದಲು. ಮೊದಲನೆಯದಕ್ಕೆ ಬರೀ ಉಪ್ಪು. ಎರಡನೆಯದಕ್ಕೆ ಸಾಸಿವೆ, ಅದೂ ಮಾಂಸದ ಮೇಲೆ, ಬ್ರೆಡ್ ಪುಡಿಗೆ ತಾಗದಂತೆ. ಕೊಬ್ಬು ಜಾಸ್ತಿಯಿರುವ ತುಂಡಿಗೆ ಮಾತ್ರ ನಿಂಬೆ. ಸಾಸು?

"ಸಾಸು ಮಕ್ಕಳಿಗೆ."

ಎಲೆಕೋಸು, ಅನ್ನ, ಮಿಸೊ ಸಾರು ಕೇಳಿದಷ್ಟು ಬಡಿಸುವ ಹೋಟೆಲು ಅದು. ಆದರೆ ಎರಡನೇ ಸಲ ಎಲೆಕೋಸು ಯಾವಾಗ ಕೇಳಬೇಕು ಅನ್ನುವುದಕ್ಕೂ ಮುಹೂರ್ತ ಉಂಟು: ಮೂರನೇ ಹೋಳು ಮುಗಿದು ನಾಲ್ಕನೆಯದನ್ನು ಮುಟ್ಟುವ ಮುನ್ನ.

ಪಂಡಿತರು ತುಟಿ ಕಚ್ಚಿಕೊಳ್ಳುವ ವಿಷಯ ಒಂದೇ, ನಗೋಯಾ. ಅಲ್ಲಿನವರು ಕಟ್ಲೆಟ್ಟಿನ ಮೇಲೆ ಕಡುಗೆಂಪು ಮಿಸೊ ಗೊಜ್ಜನ್ನು ಧಾರಾಳವಾಗಿ ಹುಯ್ಯುತ್ತಾರೆ. ಪಂಡಿತರ ಪ್ರಕಾರ ಇದು ಘೋರ ಅಪರಾಧ. ಅವರ ಮನೆಯವರ ತವರು ನಗೋಯಾ. ಹಾಗಾಗಿ ಭಾನುವಾರ ಮನೆಯಲ್ಲಿ ಏನು ಬಡಿಸುತ್ತಾರೆ ಎಂದು ನಾವು ಯಾರೂ ಕೇಳುವುದಿಲ್ಲ.

ಒಂದು ದಿನ ಪಂಡಿತರು ಇಷ್ಟೆಲ್ಲ ಹೇಳಿ ಮುಗಿಸಿದ ಹೊತ್ತಿಗೆ ಬಡಿಸುವ ಹುಡುಗಿ ಬಂದಳು. ಕಾಲೇಜಿನ ಜೊತೆಗೆ ಅರ್ಧ ದಿನ ದುಡಿಯುವವಳು, ಹೊಸಬಳು. ಹುರಿದ ಎಳ್ಳು ತುಂಬಿದ ಪುಟ್ಟ ಒರಳು ಮತ್ತು ಒನಕೆಯನ್ನು ಪಂಡಿತರ ಮುಂದಿಟ್ಟು, ತಲೆಬಾಗಿ, "ತಾವು ನಮ್ಮಲ್ಲಿಗೆ ಮೊದಲ ಸಲ ಬರುತ್ತಿದ್ದೀರಾ?" ಎಂದಳು.

ನಾನು ಉಸಿರು ಬಿಗಿಹಿಡಿದೆ. ಈ ಹೋಟೆಲಿಗೆ ಇಪ್ಪತ್ತು ವರ್ಷದಿಂದ ಬರುತ್ತಿದ್ದೇನೆ ಎಂದರೆ ಆ ಹುಡುಗಿಗೆ ಮುಜುಗರ. ಜಪಾನಿನ ಹಿರಿಯರು ಅದನ್ನು ಮಾತ್ರ ಮಾಡಲಾರರು. "ಹೌದು" ಎಂದರು ಪಂಡಿತರು. ಅವಳು ಶುರುಮಾಡಿದಳು: ಎಳ್ಳನ್ನು ಘಮ ಏಳುವವರೆಗೆ ಅರೆಯಿರಿ, ತೀರಾ ನುಣ್ಣಗೆ ಬೇಡ, ಆಮೇಲೆ ಅದರ ಮೇಲೆ ಸಾಸು ಹಾಕಿ ಕಲಸಿ ಅದ್ದಿಕೊಳ್ಳಿ. ಪಂಡಿತರು ಒಂದೊಂದು ಮಾತಿಗೂ "ಹಾಯ್, ಹಾಯ್" ಎಂದು ಗೋಣು ಹಾಕಿದರು, ಒನಕೆ ತಿರುಗಿಸಿದರು, ಅವಳ ಕಣ್ಣೆದುರೇ ನಡುವಿನ ಹೋಳನ್ನು ಸಾಸಿನಲ್ಲಿ ಮುಳುಗಿಸಿ ಬಾಯಿಗಿಟ್ಟರು. ಒಂದು ನಿಮಿಷ ಮಾತಿಲ್ಲ. ಮತ್ತೊಂದು ಹೋಳೂ ಮುಳುಗಿತು. ನಾನು ಆ ಸಂದರ್ಭ ಸಾಧಿಸಿ, ಯಾರಿಂದಲೂ ಕೆಮ್ಮಿಸಿಕೊಳ್ಳದೆ, ತುದಿಯ ಕೊಬ್ಬಿನ ತುಂಡನ್ನು ಮುಗಿಸಿದೆ.

ಅವಳು ಅತ್ತ ಹೋದ ಮೇಲೆ ಪಂಡಿತರು ನನ್ನ ಕಡೆ ತಿರುಗಿದರು. "ಪರವಾಗಿಲ್ಲ, ಹುಡುಗಿ ಚೆನ್ನಾಗಿ ಕಲಿಯುತ್ತಾಳೆ."

ಈಗ ಸೆಕ್ಷನ್ನಿಗೆ ಹೊಸಬರು ಸೇರಿದಾಗ ಎಳ್ಳಿನ ಪಾಠವೂ ಪಠ್ಯದಲ್ಲಿದೆ: ಘಮ ಏಳುವವರೆಗೆ, ತೀರಾ ನುಣ್ಣಗೆ ಬೇಡ. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಯಾರಾದರೂ ಬೆರಗಾಗಿ ಕೇಳಿದರೆ ಪಂಡಿತರು ಕನ್ನಡಕ ಸರಿಪಡಿಸಿಕೊಂಡು ಹೇಳುತ್ತಾರೆ:

"ಕಲಿಯುವುದೇನು ಬಂತು, ಇಪ್ಪತ್ತು ವರ್ಷದ ಅಭ್ಯಾಸ."