ತಡವಾಗಿ ಬಂದವರಿಗೆ ಬ್ಯಾಟು

ನವಿ ಮುಂಬಯಿಯ ನೆರೂಳದ ವಸತಿ ಸೊಸೈಟಿಗಳ ಭಾನುವಾರದ ಕ್ರಿಕೆಟ್ಟಿಗೆ ಒಂದು ಅಲಿಖಿತ ಕಾನೂನಿದೆ: ತಡವಾಗಿ ಬಂದವನು ಕಾರುಗಳ ಹಿಂದೆ ನಿಂತು ಚೆಂಡು ಹೆಕ್ಕಬೇಕು. ಬಂದವನೇ ಬ್ಯಾಟು ಕೇಳಿದರೆ, ಮದುವೆಯ ಕೊನೇ ಪಂಕ್ತಿಯಲ್ಲಿ ಕೂತು ಮೂರನೇ ಹೋಳಿಗೆ ಕೇಳಿದ ಹಾಗೆ ಎಲ್ಲರೂ ಕೆಕ್ಕರಿಸುತ್ತಾರೆ.

ಈ ಕಾನೂನು 2025ರಲ್ಲಿ ಇದೇ ನೆರೂಳದ ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿನಲ್ಲಿ ಮುರಿದುಬಿತ್ತು. ಭಾರತದ ಮಹಿಳಾ ವಿಶ್ವಕಪ್ ತಂಡದಲ್ಲಿ ಶಫಾಲಿ ವರ್ಮಾ ಹೆಸರೇ ಇರಲಿಲ್ಲ. ಬಾಂಗ್ಲಾದೇಶದ ವಿರುದ್ಧ ಆಡುವಾಗ ಆರಂಭಿಕ ಆಟಗಾರ್ತಿ ಪ್ರತಿಕಾ ರಾವಲ್ ಕಾಲು ಉಳುಕಿತು. ಅವರ ಬದಲಿಗೆ ಶಫಾಲಿಗೆ ಕರೆ ಹೋಯಿತು. ಬಂದವರೇ ನೇರ ಸೆಮಿಫೈನಲ್ಲಿಗೆ! ಅಲ್ಲಿ ಗಳಿಸಿದ್ದು ಹತ್ತೇ ರನ್. ಲಿಫ್ಟಿನ ಬಳಿಯ ಪಂಡಿತರು "ನಾನು ಆಗಲೇ ಹೇಳಿರಲಿಲ್ವಾ" ಎನ್ನಲು ಬಾಯಿ ತೆರೆದಿದ್ದರು.

ನವೆಂಬರ್ 2ರ ಫೈನಲ್‌ನಲ್ಲಿ ಅದೇ ಬಾಯಿ ತೆರೆದೇ ಉಳಿಯಿತು. ಮಳೆಯಿಂದ ಪಂದ್ಯವೇ ತಡ. ತಡವಾಗಿ ಬಂದವರಿಗೆ ಅದು ಒಗ್ಗಿತೋ ಏನೋ, ಶಫಾಲಿ 78 ಎಸೆತಗಳಲ್ಲಿ 87 ಚಚ್ಚಿದರು. ಸಾಲದೆಂಬಂತೆ ನಾಯಕಿ ಹರ್ಮನ್‌ಪ್ರೀತ್ ಚೆಂಡು ಕೊಟ್ಟರೆ, ಎದುರಾಳಿಗಳಾದ ಸೂನೆ ಲೂಸ್, ಮರಿಝಾನ್ ಕ್ಯಾಪ್ ಇಬ್ಬರನ್ನೂ ಪೆವಿಲಿಯನ್ನಿಗೆ ಕಳಿಸಿದರು. ದಕ್ಷಿಣ ಆಫ್ರಿಕಾ 52 ರನ್‌ಗಳಿಂದ ಸೋತಿತು, ಪಂದ್ಯಶ್ರೇಷ್ಠ ಪ್ರಶಸ್ತಿ ಶಫಾಲಿಗೆ. ಟೂರ್ನಿಯಲ್ಲಿ 308 ರನ್ ಹೊಡೆದಿದ್ದ ಪ್ರತಿಕಾ ಗಾಲಿಕುರ್ಚಿಯಲ್ಲೇ ಬಂದು ಸಂಭ್ರಮಿಸಿದರು. ದೊಡ್ಡ ಮನಸ್ಸು ಅಂದರೆ ಅದು.

ಈಗ ನಮ್ಮ ಪಾರ್ಕಿಂಗ್ ಮೈದಾನಕ್ಕೆ ಹತ್ತು ಗಂಟೆಗೆ ಆಕಳಿಸುತ್ತ ಬರುವವರೆಲ್ಲ ಶಫಾಲಿಯ ಹೆಸರೆತ್ತಿ ಬ್ಯಾಟಿಗೆ ಕೈ ಚಾಚುತ್ತಾರೆ. ಚಾಚಿ ಸ್ವಾಮಿ, ಅಡ್ಡಿಯಿಲ್ಲ. ಮೊದಲ ಎಸೆತಕ್ಕೇ ಬೌಲ್ಡ್ ಆದ ಮೇಲೆ ಮಾತ್ರ ದಯವಿಟ್ಟು "ಅದು ಟ್ರಯಲ್ ಬಾಲ್" ಎನ್ನಬೇಡಿ.