ಪಟ್‌ಪಾಂಗ್ ಬೀದಿಯ ಬೆಳಗಿನ ಹೊತ್ತು

ಸರೋಜಕ್ಕ, ನಿನ್ನೆ ನಿಮ್ಮ ಕಾಂಪೌಂಡಿನ ಮೇಲೆ ಆನೆ ಚಿತ್ರದ ಬಟ್ಟೆಚೀಲ ಒಣಗ್ತಿತ್ತಲ್ಲ, ನೋಡಿದ ಕೂಡಲೇ ಗುರುತು ಹಿಡಿದೆ. ನಿಮ್ಮ ಮಗನನ್ನು ಎಲ್ಲಿ ಕೊಂಡೆಯಪ್ಪಾ ಅಂತ ಕೇಳಿದರೆ, "ಪಟ್‌ಪಾಂಗ್ ನೈಟ್ ಮಾರ್ಕೆಟ್ಟಲ್ಲಿ ಆಂಟಿ" ಅಂದವನೇ, ಹೇಳಬಾರದ್ದು ಹೇಳಿಬಿಟ್ಟೆನೇನೋ ಅನ್ನೋ ಹಾಗೆ ತಲೆ ತಗ್ಗಿಸಿದ. ಪಾಪ. ಬ್ಯಾಂಕಾಕಿನ ಆ ಬೀದಿಗೆ ಇರೋ ಹೆಸರು ಊರಿಗೆಲ್ಲ ಗೊತ್ತು, ನಾನೇನು ಹೊಸದಾಗಿ ಹೇಳೋದು? ಆದರೆ ನಾನು ಏಳು ವರ್ಷ ಅದೇ ಬೀದಿಯಲ್ಲಿ ಹಾಲು, ಬ್ರೆಡ್ಡು, ಸೋಪಿನ ಪುಡಿ ತಂದವಳು ಕಣ್ರೀ. ಬೀದಿಯ ರಾತ್ರಿ ಎಲ್ಲರದ್ದೂ. ಬೆಳಗ್ಗೆ ಎಂಟು ಗಂಟೆಯ ಪಟ್‌ಪಾಂಗ್ ಮಾತ್ರ ನಮ್ಮಂಥ ನಾಲ್ಕೈದು ಜನರದ್ದು.

ನಾವು ಹೋದದ್ದು 1999ರಲ್ಲಿ. ಇವರಿಗೆ ಹರಳಿನ ವ್ಯಾಪಾರದವರ ಹತ್ತಿರ ಲೆಕ್ಕ ಬರೆಯೋ ಕೆಲಸ. ಸೀಲೋಮ್ ರಸ್ತೆಯಲ್ಲಿ ಮಾರಿಯಮ್ಮನ ಗುಡಿ ಇದೆಯಲ್ಲ, ಅದರ ಹಿಂದಿನ ಗಲ್ಲಿಯಲ್ಲಿ ಮನೆ. ತಮಿಳಿನವರು ಹತ್ತೊಂಬತ್ತನೇ ಶತಮಾನದಲ್ಲೇ ಕಟ್ಟಿದ ಗುಡಿ ಅದು. ನವರಾತ್ರಿಯ ಕೊನೆಗೆ ಅಮ್ಮನ ಮೆರವಣಿಗೆ ಹೊರಟರೆ ಸೀಲೋಮ್ ರಸ್ತೆಯನ್ನೇ ಮುಚ್ಚುತ್ತಾರೆ. ಥಾಯ್ ಜನ ಆ ಗುಡಿಗೆ 'ವಾಟ್ ಖೇಕ್' ಅಂತಾರೆ. ಖೇಕ್ ಅಂದರೆ ಮನೆಗೆ ಬಂದ ನೆಂಟ. ಭಾರತದವರಿಗೆಲ್ಲ ಅದೇ ಹೆಸರು. ಬಿಳಿಯರಿಗೆ 'ಫರಂಗ್'. ನಮ್ಮ ಪರಂಗಿಯೇ ಅದು, ಬೇರೆ ಅಲ್ಲ. ಇನ್ನೊಂದು ಕೇಳಿ, ಅವರ ಭಾಷೆಯಲ್ಲಿ ಸೀಬೆಹಣ್ಣಿಗೂ 'ಫರಂಗ್' ಅನ್ನೋದು. ನಾವು ಪಪ್ಪಾಯಿಗೆ ಪರಂಗಿಹಣ್ಣು ಅಂತೀವಿ. ಹಡಗಿನವರ ಜೊತೆ ಬಂದ ಹಣ್ಣಿಗೆ ಹಡಗಿನವರ ಹೆಸರನ್ನೇ ಅವರೂ ಇಟ್ಟರು, ನಾವೂ ಇಟ್ಟೆವು. ಹಣ್ಣು ಮಾತ್ರ ಬೇರೆ ಆಯಿತು, ಅಲ್ವಾ?

ಇರಲಿ, ಬೀದಿಗೆ ಬರ್ತೀನಿ. ಗುಡಿಯಿಂದ ಸೀಲೋಮ್ ಹಿಡಿದು ಹದಿನೈದು ನಿಮಿಷ ನಡೆದರೆ ಎಡಕ್ಕೆ ಪಟ್‌ಪಾಂಗ್. ಬೀದಿ ಅಂದರೆ ದೊಡ್ಡದೇನಲ್ಲ, ಸೀಲೋಮ್‌ನಿಂದ ಸುರವೊಂಗ್ ರಸ್ತೆಗೆ ಹೋಗುವ ಎರಡು ಸಣ್ಣ ಓಣಿಗಳು. ಎರಡನೇ ಓಣಿಯಲ್ಲಿ ಹಗಲು ರಾತ್ರಿ ತೆರೆದಿರುವ ಒಂದು ದಿನಸಿ ಅಂಗಡಿ, ಫುಡ್‌ಲ್ಯಾಂಡ್ ಅಂತ. ಅದರೊಳಗೇ ಒಂದು ತಿಂಡಿ ಕೌಂಟರು. ಅದರ ಹೆಸರು 'ಟೂಕ್ ಲೇ ಡೀ'. ಅಗ್ಗ, ಒಳ್ಳೇದು ಅಂತ ಅರ್ಥ. ಹೋಟೆಲಿಗೆ ಇದಕ್ಕಿಂತ ನೇರವಾದ ಹೆಸರು ನಾನು ಎಲ್ಲೂ ನೋಡಿಲ್ಲ.

ಹತ್ತು ಗಂಟೆಯ ಬಿಸಿಲಿಗೆ ಮುಂಚೆ ಸಾಮಾನು ತಂದುಬಿಡೋಣ ಅಂತ ಹೋಗುತ್ತಿದ್ದೆ. ಓಣಿಯಲ್ಲಿ ರಾತ್ರಿಯ ದೀಪಗಳೆಲ್ಲ ಆರಿ, ಬಣ್ಣದ ಗಾಜಿನ ಕೊಳವೆಗಳು ಬರೀ ಬೂದು ಬಣ್ಣದಲ್ಲಿ ಗೋಡೆಗೆ ಅಂಟಿಕೊಂಡಿರುತ್ತಿದ್ದವು. ಬಾಗಿಲ ಮುಂದೆ ನೀರು ಸುರಿದು ಪೊರಕೆಯಲ್ಲಿ ತಳ್ಳೋ ಸದ್ದು. ಒಂದೊಂದು ಬಾರಿನೊಳಗೂ ಗೋಡೆಗೆ ಒಂದು ಪುಟ್ಟ ದೇವರ ಗೂಡು, ಅದಕ್ಕೆ ಮಲ್ಲಿಗೆ ಮಾಲೆ, ನೈವೇದ್ಯಕ್ಕೆ ಕೆಂಪು ಫ್ಯಾಂಟಾ ಬಾಟಲಿ, ಅದರಲ್ಲೊಂದು ಸ್ಟ್ರಾ! ಸಂಜೆ ಮಾರುಕಟ್ಟೆಯವರು ಮೊದಲ ವ್ಯಾಪಾರದ ನೋಟನ್ನು ಹಿಡಿದು ಅಂಗಡಿಯ ಸಾಮಾನಿಗೆಲ್ಲ ತಟತಟ ತಟ್ಟುತ್ತಾರೆ. ನಮ್ಮ ಬೋಣಿ ನೋಟನ್ನು ಕಣ್ಣಿಗೊತ್ತಿಕೊಂಡ ಹಾಗೇ. ಮೊದಲ ಸಲ ನೋಡಿದಾಗ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೇ ನಿಂತಿದ್ದೀನೇನೋ ಅನ್ನಿಸಿತ್ತು.

ಆ ಕೌಂಟರಿನಲ್ಲಿ ದಿನಾ ಮೂವರು ಫರಂಗ್ ಅಜ್ಜಂದಿರು. ಹೆಸರು ಬೇಡ ಬಿಡಿ, ಮನೆಯಲ್ಲಿ ನಾವು ಅವರಿಗೆ ಇಟ್ಟ ಹೆಸರೇ ಹೇಳ್ತೀನಿ. ವಿಮಾನ ರಿಪೇರಿ ಮಾಡುತ್ತಿದ್ದ ಅಮೆರಿಕದ ವಿಮಾನದಜ್ಜ. ಕಚೇರಿ ಯಂತ್ರಗಳನ್ನು ಮಾರಲು ಬಂದು ಉಳಿದುಬಿಟ್ಟ ಇಂಗ್ಲೆಂಡಿನ ಟೈಪ್‌ರೈಟರ್ ಅಜ್ಜ. ಮೂರನೆಯವರು ಆಸ್ಟ್ರೇಲಿಯಾದವರು, ಮಾತು ಕಡಿಮೆ, ತಲೆ ಅಲ್ಲಾಡಿಸೋದು ಜಾಸ್ತಿ. ನಾನು ಕಾಫಿ ಮುಂದಿಟ್ಟುಕೊಂಡು ಪಕ್ಕದ ಸ್ಟೂಲಿನಲ್ಲಿ ಕೂತಿರುತ್ತಿದ್ದೆ. "ಮ್ಯಾಡಮ್‌ಗೆ ಇದು ಗೊತ್ತಿರಲಿಕ್ಕಿಲ್ಲ" ಅಂತ ಶುರುವಾದರೆ ಮುಗೀತು, ಅರ್ಧ ಗಂಟೆ.

ಅವರ ಮಾತಿಗೆ ಒಂದೇ ಪದ, "ಆಗ". ಆಗ ಇಲ್ಲಿ ಬಾಳೆತೋಟ. ಆಗ ಇಲ್ಲೊಂದು ಸಣ್ಣ ಕಾಲುವೆ, ಒಂದು ತೇಗದ ಮನೆ, ಅಷ್ಟೇ. ಮೂವರಲ್ಲಿ ಒಬ್ಬರೂ ಆ ಬಾಳೆಗಿಡ ಕಂಡವರಲ್ಲ ನೋಡಿ. ಹೈನಾನ್ ದ್ವೀಪದಿಂದ ಬಂದ ಚೀನೀ ಮನೆತನ, ಪಟ್‌ಪಾಂಗ್‌ಪಾನಿಚ್ ಅಂತ, ಆ ಜಾಗ ಕೊಂಡದ್ದೇ 1946ರಲ್ಲಿ. ಈಗಲೂ ಆ ಓಣಿಗಳು ಆ ಮನೆತನದ ಸ್ವಂತ ಆಸ್ತಿ, ಸರ್ಕಾರದ ರಸ್ತೆಯಲ್ಲ. ಅಮೆರಿಕದಲ್ಲಿ ಓದಿ, ಯುದ್ಧಕಾಲದಲ್ಲಿ ಸ್ವತಂತ್ರ ಥಾಯ್ ಚಳವಳಿಗೆ ಸೇರಿದ್ದ ಮಗ ಊದೋಮ್ ವಾಪಸು ಬಂದು ಅಲ್ಲಿ ರಸ್ತೆ ಮಾಡಿಸಿ, ಮಳಿಗೆ ಕಟ್ಟಿಸಿ, ವಿದೇಶಿ ಕಂಪನಿಗಳನ್ನು ಕರೆದು ಕೂರಿಸಿದ. ಐಬಿಎಂ ಬಂತು, ಏರ್ ಫ್ರಾನ್ಸ್ ಬಂತು. ಹಾಗಾಗಿ ಅದು ಮೊದಲು ಆಫೀಸುಗಳ ಬೀದಿ ಸರೋಜಕ್ಕ! ಟೈ ಕಟ್ಟಿದ ಗುಮಾಸ್ತರು, ವಿಮಾನದ ಟಿಕೆಟ್ಟು, ಟೈಪಿಂಗ್ ಸದ್ದು. ನಮ್ಮ ಟೈಪ್‌ರೈಟರ್ ಅಜ್ಜ ಈ ಭಾಗ ಹೇಳುವಾಗ ಬೆರಳು ತಾನಾಗಿಯೇ ಕೌಂಟರಿನ ಮೇಲೆ ಆಡುತ್ತಿತ್ತು. ಆಫೀಸು ಬಿಟ್ಟ ಮೇಲೆ ಮಿಜು ಅನ್ನೋ ಜಪಾನೀ ಹೋಟೆಲು, ಚೌಕಳಿ ಮೇಜುಬಟ್ಟೆ, ಕಾದ ಕಬ್ಬಿಣದ ತಟ್ಟೆಯಲ್ಲಿ ಚುಂಯ್ ಅನ್ನುತ್ತಾ ಬರುವ ಮಾಂಸ. ನಾನು ಮಾಂಸ ಮುಟ್ಟದವಳು, ಆದರೂ ಅವರು ಹೇಳಿದ ಆ ಚುಂಯ್ ಸದ್ದು ಇನ್ನೂ ಕಿವಿಯಲ್ಲಿದೆ. ನಮ್ಮ ಒಗ್ಗರಣೆ ಸದ್ದಿನ ಹಾಗೆ ಅನ್ನಿ.

ವಿಮಾನದಜ್ಜನ 'ಆಗ' ಇನ್ನೊಂದು. ಅವರ ಪ್ರಕಾರ ಬೀದಿ ಹುಟ್ಟಿದ್ದೇ ವಿಯೆಟ್ನಾಂ ಯುದ್ಧದಲ್ಲಿ. ರಜೆಗೆ ಬಂದ ಅಮೆರಿಕದ ಸಾಮಾನ್ಯ ಸಿಪಾಯಿಗಳೆಲ್ಲ ನ್ಯೂ ಪೆಚ್ಚಬುರಿ ರಸ್ತೆಗೆ, ಪಟ್‌ಪಾಂಗಿಗೆ ಆಫೀಸರುಗಳು, ಪೈಲಟ್ಟುಗಳು. ಲಾವೋಸಿನ ಮೇಲೆ ಹಾರುತ್ತಿದ್ದ ಏರ್ ಅಮೆರಿಕದವರು ಮ್ಯಾಡ್ರಿಡ್ ಬಾರಿನಲ್ಲಿ ಕೂತು ಪಿಜ್ಜಾ ತಿನ್ನುತ್ತಿದ್ದರಂತೆ. 1969ರಲ್ಲಿ ಗ್ರಾಂಪ್ರೀ ಅನ್ನೋ ಬಾರಿನಲ್ಲಿ ಹುಡುಗಿಯರು ಕುಣಿಯಲು ನಿಂತರು, ಅಲ್ಲಿಂದ ಮುಂದಿನದ್ದು ನಿಮಗೇ ಗೊತ್ತು. 1969 ಅಂದ ಕೂಡಲೇ ಟೈಪ್‌ರೈಟರ್ ಅಜ್ಜ "ಇಲ್ಲ, 2512" ಅನ್ನುವರು. ಥಾಯ್ ಪಂಚಾಂಗ ಬುದ್ಧನ ಲೆಕ್ಕದ್ದು, ನಮ್ಮ ಇಸವಿಗೆ 543 ಕೂಡಿಸಬೇಕು. ಹಳೇ ಬಾರಿನ ಚೀಟಿಯೊಂದನ್ನು ಅವರು ಪರ್ಸಿನಲ್ಲಿ ಇಟ್ಟುಕೊಂಡಿದ್ದರು, ಎರಡು ಬಿಯರು, ತಾರೀಖು 2512. ಮುಂದಿನ ಕಾಲದಿಂದ ಯಾರೋ ಕುಡಿದು ಬಂದು ಬಿಟ್ಟುಹೋದ ಚೀಟಿ ಥರ!

ಆ ಚೀಟಿಯ ಪದ್ಧತಿ ನನಗೆ ತುಂಬ ಹಿಡಿಸಿತ್ತು ನೋಡಿ. ಅಲ್ಲಿಯ ಬಾರುಗಳಲ್ಲಿ ಪ್ರತಿಯೊಬ್ಬರ ಮುಂದೆಯೂ ಮರದ್ದೋ ಬಿದಿರಿನದೋ ಒಂದು ಪುಟ್ಟ ಲೋಟ ಇಟ್ಟಿರುತ್ತಾರೆ. ನಮ್ಮ ಪಂಚಪಾತ್ರೆಗಿಂತ ಸ್ವಲ್ಪ ದಪ್ಪ. ಒಂದೊಂದು ಸಲ ತರಿಸಿದಾಗಲೂ ಚೀಟಿ ಬರೆದು, ಸುರುಳಿ ಸುತ್ತಿ ಅದರಲ್ಲಿ ಸಿಕ್ಕಿಸೋದು. ಏಳುವಾಗ "ಚೆಕ್ ಬಿನ್" ಅಂದರೆ ಲೋಟ ಎತ್ತಿಕೊಂಡು ಹೋಗಿ ಕೂಡಿಸುತ್ತಾರೆ. ಬಿನ್ ಅಂದರೆ ಏನು ಅಂದುಕೊಂಡಿರಿ? ಬಿಲ್ಲು! ಥಾಯ್ ಬಾಯಿಯಲ್ಲಿ ಕೊನೆಯ 'ಲ್' ನಿಲ್ಲೋದಿಲ್ಲ, 'ನ್' ಆಗಿಬಿಡುತ್ತದೆ. ಫುಟ್‌ಬಾಲ್ ಹೋಗಿ ಫುಟ್‌ಬಾನ್. ನಮ್ಮ ಬಾಯಿಯಲ್ಲೂ ಕೊನೆಯ ವ್ಯಂಜನ ಒಂಟಿಯಾಗಿ ನಿಲ್ಲೋದಿಲ್ಲ, ಬಿಲ್ ಬಂದರೆ ಬಿಲ್ಲು ಮಾಡಿ, ಬಸ್ ಬಂದರೆ ಬಸ್ಸು ಮಾಡಿ ಬಾಲ ಹಚ್ಚಿಯೇ ಒಳಗೆ ಬಿಟ್ಟುಕೊಳ್ಳೋದು. ಹೊರಗಿನವರು ಯಾರೇ ಬಂದರೂ ಮನೆಯ ಬಟ್ಟೆ ಹಾಕಿಸೋದು ಅಂದರೆ ಹೀಗೇ ಅಲ್ವಾ?

ಏನು ಹೇಳ್ತಿದ್ದೆ... ಹಾಂ, ಅಜ್ಜಂದಿರು. ದಿನಾ ಕೇಳಿ ಕೇಳಿ ಒಂದು ಸಂಗತಿ ನನಗೆ ಗೊತ್ತಾಯಿತು. ಒಬ್ಬೊಬ್ಬರಿಗೂ ಒಳ್ಳೆಯ ಕಾಲ ಅನ್ನೋದು ತಾವು ವಿಮಾನ ಇಳಿದ ವರ್ಷ ಶುರುವಾಗಿ ಒಂದೆರಡು ವರ್ಷಕ್ಕೇ ಮುಗಿದುಹೋಗಿರುತ್ತಿತ್ತು. ಒಬ್ಬರಿಗೆ ಅಮೆರಿಕದ ಸೈನ್ಯ 1976ರಲ್ಲಿ ಜಾಗ ಖಾಲಿ ಮಾಡಿದಾಗ ಬೀದಿ ಸತ್ತಿತು. ಇನ್ನೊಬ್ಬರಿಗೆ, ಆ ಡಿಯರ್ ಹಂಟರ್ ಸಿನಿಮಾದವರು ಬಂದು ಮಿಸಿಸಿಪಿ ಕ್ವೀನ್ ಬಾರಿನಲ್ಲಿ ಶೂಟಿಂಗ್ ಮಾಡಿದ ಮೇಲೆ ಕೆಟ್ಟಿತು. ಆಸ್ಟ್ರೇಲಿಯಾದವರು ಬಾಯಿ ಬಿಟ್ಟರೆ ತೊಂಬತ್ತರ ದಶಕದ ಶುರುವಿನಲ್ಲಿ ಬೀದಿಯ ನಡುವೆ ನೈಟ್ ಮಾರ್ಕೆಟ್ಟು ಹಾಕಿದರಲ್ಲ, ಆವತ್ತೇ ಮುಗೀತು ಅನ್ನುವರು. ಹೊಸಬರೆಲ್ಲ ಸೊಯ್ ಕೌಬಾಯ್ ಕಡೆ ಹೋಗುತ್ತಾರೆ ಅಂತ ಬೇಜಾರು ಬೇರೆ. ಆ ಓಣಿಗೆ ಹೆಸರು ಬಂದದ್ದೂ ಹೀಗೆ ಉಳಿದುಕೊಂಡ ಒಬ್ಬರಿಂದಲೇ. ಎಡ್ವರ್ಡ್ಸ್ ಅಂತ ಅಮೆರಿಕದ ವಾಯುಪಡೆಯಿಂದ ನಿವೃತ್ತಿಯಾದವರು, ಸದಾ ಕೌಬಾಯ್ ಟೋಪಿ, 1977ರಲ್ಲಿ ಅಲ್ಲಿ ಬಾರು ತೆರೆದರು. ಟೋಪಿ ಓಣಿಗೇ ಹೆಸರಾಗಿ ನಿಂತಿತು.

ಈ ಕಥೆಗಳನ್ನೆಲ್ಲ ವಾರವಾರ ಪತ್ರಿಕೆಯಲ್ಲಿ ಬರೆಯುತ್ತಿದ್ದವರು ಬರ್ನಾರ್ಡ್ ಟ್ರಿಂಕ್. ಅರವತ್ತರ ದಶಕದಲ್ಲಿ ಬ್ಯಾಂಕಾಕ್ ವರ್ಲ್ಡ್‌ನಲ್ಲಿ ಶುರುಮಾಡಿ, ಆಮೇಲೆ ಬ್ಯಾಂಕಾಕ್ ಪೋಸ್ಟ್‌ಗೆ ಬಂದು 2003ರ ಕೊನೆಯವರೆಗೂ ರಾತ್ರಿ ಬೀದಿಗಳ ಸುದ್ದಿ ಬರೆದರು. ಆ ಅಂಕಣ ನಿಂತ ಮೇಲೆ ಕೌಂಟರಿನಲ್ಲಿ ಒಂದು ವಾರ ಸೂತಕದ ಕಳೆ. ಪತ್ರಿಕೆ ಬಿಚ್ಚೋದು, ಆ ಪುಟ ಹುಡುಕೋದು, ಮಡಿಸಿ ಇಡೋದು.

ಈಗ ನಿಮಗೆ ಹೇಳಬೇಕಾದ್ದು ಕೌಂಟರಿನ ಆಚೆ ಇದ್ದವಳ ವಿಷಯ. ಮೊಟ್ಟೆ ಹುರಿಯುತ್ತಾ ನಿಂತಿರುತ್ತಿದ್ದಳಲ್ಲ, ಅವಳನ್ನು ನಾನು ಅಕ್ಕ ಅಂತಲೇ ಕರೆಯುತ್ತಿದ್ದೆ. ಅವರಲ್ಲೂ ನಮ್ಮ ಹಾಗೆಯೇ ಪರಿಚಯ ಇರಲಿ ಬಿಡಲಿ ಅಕ್ಕ, ಅಣ್ಣ, ಚಿಕ್ಕಮ್ಮ. ಈಸಾನ್ ಕಡೆಯವಳು, ಅಂದರೆ ಥಾಯ್ಲೆಂಡಿನ ಈಶಾನ್ಯದವಳು, ಊರು ಬುರಿರಾಮ್. ಲಾವೋ ಮಾತು, ಅಂಟು ಅನ್ನ, ಮಳೆಗಾಗಿ ಕಾಯೋ ಗದ್ದೆ. ಐದು ವರ್ಷ ಅವಳು ಆ ಅಜ್ಜಂದಿರ ಮಾತಿಗೆ ಒಂದಕ್ಷರ ಸೇರಿಸಿದ್ದು ನಾನು ಕೇಳಿರಲಿಲ್ಲ. ಒಂದು ದಿನ ಹಳೇ ಬಾರೊಂದರ ಬಾಗಿಲಿಗೆ ಎಷ್ಟು ಮೆಟ್ಟಿಲಿತ್ತು ಅನ್ನೋದಕ್ಕೆ ಜಗಳ ಬಿತ್ತು. ಬಾರು ಯಾವತ್ತೋ ಮುಚ್ಚಿದೆ, ಆ ಜಾಗದಲ್ಲಿ ಈಗ ಬೇರೇನೋ ಇದೆ. ವಿಮಾನದಜ್ಜ ಮೂರೇ ಅಂತಾರೆ, ಟೈಪ್‌ರೈಟರ್ ಅಜ್ಜನೂ ಮೂರು, ಆದರೆ ಅದು ಬೇರೆ ಬಾಗಿಲು ಅಂತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು, ಥೇಟು ಅದೇ.

ಅವಳು ಸೌಟು ಕೆಳಗಿಟ್ಟು, "ನಾಲ್ಕು" ಅಂದಳು.

ಮೂವರೂ ತಿರುಗಿ ನೋಡಿದರು. ಅವಳು ಇಂಗ್ಲಿಷಿನಲ್ಲೇ, ಮೆಲ್ಲಗೆ ಹೇಳಿದಳು. 1983ರ ದೊಡ್ಡ ನೆರೆ ನೆನಪಿದೆಯಾ? ಬ್ಯಾಂಕಾಕು ತಿಂಗಳುಗಟ್ಟಲೆ ನೀರಲ್ಲಿತ್ತು. ಅವಳು ಆಗ ಅದೇ ಬಾರಿನಲ್ಲಿ ಕುಣಿಯುವವಳು. ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಲೆಯ ಮೇಲಿಟ್ಟುಕೊಂಡು, ಕೆಸರು ನೀರಲ್ಲಿ ಕಾಲಿನಿಂದಲೇ ಮೆಟ್ಟಿಲು ತಡಕುತ್ತಾ ಹತ್ತಬೇಕಿತ್ತು. ನಾಲ್ಕನೆಯದು ಒಡೆದಿತ್ತು. ಅದರ ಅಂಚು ತಾಗಿ ಆದ ಗಾಯದ ಗುರುತು ಈಗಲೂ ಕಾಲ ಮೇಲಿದೆ ಅಂತ ಕೌಂಟರಿನ ಪಕ್ಕಕ್ಕೆ ಬಂದು ತೋರಿಸಿದಳು. ಕಣಕಾಲಿನ ಮೇಲೆ ಭತ್ತದ ಕಾಳಿನಷ್ಟು ಬಿಳೀ ಗೆರೆ. "ನನ್ನ ನಂಬರು ಇಪ್ಪತ್ತನಾಲ್ಕು" ಅಂದಳು. ಆ ಹುಡುಗಿಯರಿಗೆ ಬಟ್ಟೆಗೆ ನಂಬರಿನ ಬಿಲ್ಲೆ ಸಿಕ್ಕಿಸುತ್ತಾರೆ, ಕರೆಯೋದು ಅದರಿಂದಲೇ. ಬಾರಿನ ಹಾಡು, ದೀಪದ ಬಣ್ಣ, ಬಿಯರಿನ ಬೆಲೆ ಎಲ್ಲಾ ಹೇಳುತ್ತಿದ್ದ ಆ ಮೂವರಲ್ಲಿ ಯಾರಿಗೂ ಇಪ್ಪತ್ತನಾಲ್ಕು ನೆನಪಿರಲಿಲ್ಲ. ವಿಮಾನದಜ್ಜ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ತುಂಬ ಹೊತ್ತು ಆದ ಮೇಲೆ "ನಾಲ್ಕು" ಅಂತ ಒಪ್ಪಿಕೊಂಡರು.

ಅವಳ 'ಆಗ' ಏನು ಅಂತ ಆಮೇಲೆ ನಾನೇ ಕೇಳಿದೆ. ಬಾಳೆತೋಟವೂ ಇಲ್ಲ, ಪೈಲಟ್ಟೂ ಇಲ್ಲ. ರಾತ್ರಿ ಬಸ್ಸು, ಬೆಳಗಿನ ಜಾವ ಇಳಿದಾಗ ಹೊಟ್ಟೆ ತೊಳಸಿದ್ದು. ಮೊದಲು ಲೋಟ ತೊಳೆಯೋ ಕೆಲಸ. ತಮ್ಮನ ಶಾಲೆ. ಅಮ್ಮನ ಮನೆಗೆ ತಗಡಿನ ಸೂರು ಹಾಕಿಸಿದ ವರ್ಷ ಮಳೆ ಬಿದ್ದಾಗ ಆ ಸದ್ದಿಗೆ ನಿದ್ದೆ ಬರಲಿಲ್ಲ ಅಂತ ಅಮ್ಮ ಬೈದದ್ದು. ಇದನ್ನು ಹೇಳುವಾಗ ಮಾತ್ರ ನಕ್ಕಳು. ಅವಳಂಥವರು ಎಷ್ಟು ಜನ ಆ ಬೀದಿಯನ್ನು ಹೊತ್ತು ನಿಲ್ಲಿಸಿದರೋ. 2019ರಲ್ಲಿ ಆ ಬೀದಿಯದ್ದೇ ಒಂದು ಮ್ಯೂಸಿಯಂ ಆಯಿತು ಅಂತ ಕೇಳಿದಾಗ ನನಗೆ ಮೊದಲು ಬಂದ ಯೋಚನೆ, ಆ ನಂಬರಿನ ಬಿಲ್ಲೆಗಳ ಹಿಂದಿನ ಹೆಸರುಗಳನ್ನು ಯಾರಾದರೂ ಬರೆದಿಟ್ಟಿದ್ದಾರಾ ಅಂತಲೇ. ಬರೆದಿಡಬೇಕು ಕಣ್ರೀ.

"ನೀವು ಖೇಕ್ ಜನಾನೂ ಹೀಗೇ ಕೂತು ಹಳೇದು ಮಾತಾಡ್ತೀರಾ?" ಅಂತ ಕೇಳಿದಳು. ಮಾತಾಡದೇ ಏನು! ಗುಡಿಯ ಜಗುಲಿಯಲ್ಲಿ ನಮ್ಮವರದ್ದೂ ಅದೇ ಪಾಡು. ನಾವು ಬಂದಾಗ ತೊಗರಿಬೇಳೆ ಎಲ್ಲಿ ಸಿಗುತ್ತಿತ್ತು, ಕರಿಬೇವಿಗೆ ಯಾರ ಮನೆಗೆ ಹೋಗಬೇಕಿತ್ತು. ಥಾಯ್ ಅಡುಗೆಗೆ ಕರಿಬೇವು ಬೇಡವಲ್ಲ, ಅದಕ್ಕೇ ಒಂದೊಂದು ಎಸಳೂ ಚಿನ್ನ. ನಾನು ಮಹಡಿಯಲ್ಲಿ ಕುಂಡದಲ್ಲಿ ಬೆಳೆದದ್ದನ್ನು ಅವಳಿಗೂ ಒಂದು ಹಿಡಿ ಕೊಟ್ಟಿದ್ದೆ. ಮೊಟ್ಟೆಗೆ ಹಾಕಿ ನೋಡಿ, ವಾಸನೆ ಜೋರು ಅಂದಳು.

2006ರಲ್ಲಿ ನಾವು ಹೊರಟಾಗ ಅವಳು ಕೊಟ್ಟದ್ದು ಒಂದು ಮರದ ಲೋಟ, ಬಿನ್ ಇಡೋ ಲೋಟ. ಆ ಮುಚ್ಚಿದ ಬಾರಿನದ್ದೇ, ಸಾಮಾನು ಖಾಲಿ ಮಾಡುವಾಗ ಎತ್ತಿಟ್ಟುಕೊಂಡಿದ್ದಳಂತೆ. ನಮ್ಮ ಅಡುಗೆಮನೆ ಕಿಟಕಿಯಲ್ಲಿ ನೀವು ನೋಡೇ ಇರ್ತೀರಿ, ಒಲೆ ಪಕ್ಕ, ಅಂಚು ಸ್ವಲ್ಪ ಸವೆದಿದೆ. ನಿಮ್ಮ ಮರದ ಕರಿಬೇವು ತಂದರೆ ಅದರಲ್ಲೇ ಇಡೋದು. ನಿಮ್ಮ ಮಗನಿಗೆ ಹೇಳಿ, ಇನ್ನೊಂದು ಸಲ ಹೋದರೆ ಬೆಳಗ್ಗೆ ಎಂಟಕ್ಕೆ ಹೋಗಲಿ. ಮತ್ತೆ... ಕೈಗೆಟುಕೋ ಕೊಂಬೆಯಿಂದ ಎರಡು ಎಸಳು ಕೊಡ್ತೀರಾ? ಲೋಟ ಬೆಳಗ್ಗಿಂದ ಖಾಲಿ ಇದೆ.